ಮಗಳಿಗೊಂದು ಪತ್ರ: ಹೆಮಿಂಗ್ವೇ ಮತ್ತು ಒಂದು ಕತ್ತೆಕಿರುಬ

ಪುಟ್ಟೀ,

ಟಾಂಜಾನಿಯಾದ ಅರುಷಾದಿಂದ ಬರೆಯುತ್ತಿದ್ದೇನೆ. ನಾವಿಬ್ಬರೂ ಆರಾಮ. ನಿಮ್ಮಪ್ಪನಿಗೆ ಮಾತ್ರ ಟಾರಂಗೀರೆ ಕಾಡಿನಲ್ಲಿ ತ್ಸೆತ್ಸೆ ನೊಣ ಸರಿಯಾಗಿ ಕಚ್ಚಿದೆ. ಕಡು ನೀಲಿ ಬಟ್ಟೆ ಹಾಕಬೇಡಿ, ಆ ಬಣ್ಣಕ್ಕೇ ಅವು ಮುತ್ತೋದು ಅಂತ ಡ್ರೈವರ್ ಮೊದಲೇ ಹೇಳಿದ್ದ. ಅಲ್ಲಲ್ಲಿ ನೀಲಿ-ಕಪ್ಪು ಬಟ್ಟೆ ತೂಗುಹಾಕಿರುವುದೂ ನೊಣ ಹಿಡಿಯುವುದಕ್ಕೇ ಅಂತೆ. ನಿಮ್ಮಪ್ಪ ಕೇಳಬೇಕಲ್ಲ.

ಹೊರಡೋ ಮೊದಲು ನೀನು ಕೇಳಿದೆಯಲ್ಲ, ಪ್ರಾಣಿ ಕೊಂದು ಫೋಟೋ ತೆಗೆಸಿಕೊಂಡವನ ಜಾಡು ಹಿಡಿದು ಅಷ್ಟು ದೂರ ಯಾಕಮ್ಮಾ ಹೋಗ್ತೀಯ ಅಂತ. ಆಗ ಏನೋ ಹೇಳಿ ಜಾರಿಕೊಂಡೆ. ಈಗ ಹೇಳುವುದಕ್ಕೆ ಒಂದಿಷ್ಟು ಇದೆ.

ಅಮೆರಿಕದ ಬರಹಗಾರ ಹೆಮಿಂಗ್ವೇ ಕೀನ್ಯಾದ ಮೊಂಬಾಸಾದಲ್ಲಿ ಹಡಗಿಳಿದದ್ದು 1933ರ ಡಿಸೆಂಬರಿನಲ್ಲಿ. ಜೊತೆಗೆ ಎರಡನೇ ಹೆಂಡತಿ ಪಾಲಿನ್, ಊರಿನ ಗೆಳೆಯ ಚಾರ್ಲ್ಸ್ ಥಾಂಪ್ಸನ್. ದಾರಿ ತೋರಿಸಲು ಫಿಲಿಪ್ ಪರ್ಸಿವಲ್ ಅನ್ನುವ ಹೆಸರಾಂತ ಬೇಟೆಗಾರ. ಖರ್ಚಿಗೆ 25,000 ಡಾಲರ್ ಕೊಟ್ಟಿದ್ದು ಪಾಲಿನ್‌ಳ ಶ್ರೀಮಂತ ಚಿಕ್ಕಪ್ಪ. ಈ ದುಡ್ಡಿನ ವಿಷಯ ನೆನಪಿಟ್ಟುಕೋ.

ಸೆರೆಂಗೆಟಿಯಲ್ಲಿ ಅವನಿಗೆ ಆಮಶಂಕೆ ಹಿಡಿಯಿತು. ಸಿಂಹ ಹೊಡೆಯಲು ಬಂದವನು ಡೇರೆಯೊಳಗೆ ಮಂಚ ಹಿಡಿದ. 1934ರ ಜನವರಿಯಲ್ಲಿ ಪುಟ್ಟ ವಿಮಾನವೊಂದು ಬಂದು ಅವನನ್ನು ಅರುಷಾ ಮೇಲಿಂದ ನೈರೋಬಿಗೆ ಒಯ್ದಿತು. ದಾರಿಯಲ್ಲಿ ಕಿಲಿಮಂಜಾರೋ ಕಂಡಿತು. ಹುಷಾರಾಗಿ ವಾಪಸ್ ಬಂದವನು ಮನ್ಯಾರಾ ಸರೋವರದ ಕಡೆ, ಆಮೇಲೆ ಇನ್ನೂ ದಕ್ಷಿಣಕ್ಕೆ ಬಾಬಾಟಿಯ ಕಡೆ ಕುಡು ಹುಡುಕಿಕೊಂಡು ಹೋದ. ಕುಡು ಅಂದರೆ ಕೊಂಬು ಸುರುಳಿ ಸುರುಳಿಯಾಗಿ ಮೇಲೇರುವ ದೊಡ್ಡ ಜಿಂಕೆ. ನಾವೂ ಬಾಬಾಟಿಯವರೆಗೆ ಹೋಗಿದ್ದೆವು. ಈಗ ಒಳ್ಳೆ ಟಾರು ರಸ್ತೆ, ಪೇಟೆ ತುಂಬ ಬಾಡಿಗೆ ಬೈಕುಗಳ ಗಲಾಟೆ. ಕುಡು ನಮಗೆ ಕಾಣಲಿಲ್ಲ.

ಆ ಬೇಟೆಯನ್ನೇ ಅವನು 'ಗ್ರೀನ್ ಹಿಲ್ಸ್ ಆಫ್ ಆಫ್ರಿಕಾ' ಅಂತ ಬರೆದ, 1935ರಲ್ಲಿ ಬಂತು. ಒಂದಿಷ್ಟೂ ಕಟ್ಟುಕಥೆಯಿಲ್ಲದೆ, ನಡೆದದ್ದನ್ನು ನಡೆದ ಹಾಗೇ ಬರೆದರೆ ಅದು ಕಲ್ಪನೆಯ ಕೃತಿಗೆ ಸಾಟಿಯಾಗುತ್ತದಾ ನೋಡೋಣ ಅಂತ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾನೆ. ನನ್ನ ಪ್ರಕಾರ ಆಗಲಿಲ್ಲ. ನಾಡಿನ ವರ್ಣನೆ ಸೊಗಸಾಗಿದೆ, ನಿಜ. ಆದರೆ ಪುಸ್ತಕದ ಮುಕ್ಕಾಲು ಪಾಲು ಯಾರ ಕೊಂಬು ಎಷ್ಟು ಉದ್ದ ಅನ್ನುವ ಹೊಟ್ಟೆಕಿಚ್ಚು. ಕೊನೆಗೂ ಎರಡು ಕುಡು ಹೊಡೆದು ಬೀಗುತ್ತಾ ಬಿಡಾರಕ್ಕೆ ಬಂದರೆ ಗೆಳೆಯ ಅದಕ್ಕಿಂತ ದೊಡ್ಡದನ್ನು ತಂದು ಇಟ್ಟಿರುತ್ತಾನೆ! ಮುಖ ಸಣ್ಣದಾಗುವುದನ್ನು ಮುಚ್ಚಿಡದೆ ಬರೆದಿದ್ದಾನೆ, ಅಷ್ಟು ಮಾತ್ರ ಮೆಚ್ಚಿದೆ.

ಅದರಲ್ಲಿ ಒಂದು ಭಾಗ ಓದಿದರೆ ನಿನಗೆ ಮೈ ಉರಿಯುತ್ತೆ. ಬಂದೂಕು ಹೊರುವ ಮ್ಕೋಲ ಅನ್ನುವ ಕಂಬ ಜನಾಂಗದ ಮುದುಕನಿಗೆ ಕತ್ತೆಕಿರುಬಕ್ಕೆ ಗುಂಡು ಬಿದ್ದರೆ ತಡೆಯಲಾರದ ನಗು. ಅದು ಸುತ್ತಿ ಸುತ್ತಿ ಒದ್ದಾಡಿ ಸಾಯುವುದು ಇಬ್ಬರಿಗೂ ತಮಾಷೆ.

ಅಂಥದ್ದೇ ಒಂದನ್ನು ಗೊರೊಂಗೊರೋದಲ್ಲಿ ನಾನು ಹತ್ತಿರದಿಂದ ನೋಡಿದೆ. ರಸ್ತೆ ಬದಿಯ ಕೆಸರು ಗುಂಡಿಯಲ್ಲಿ, ನಮ್ಮ ಜೀಪಿನ ಚಕ್ರದಿಂದ ಮಾರು ದೂರದಲ್ಲಿ, ಹೊಟ್ಟೆ ಮುಳುಗುವಷ್ಟು ನೀರಲ್ಲಿ ಮಲಗಿತ್ತು. ದುಂಡನೆ ಕಿವಿ, ಮೂತಿಗೆಲ್ಲ ಒಣಗಿದ ಕೆಸರು. ಇಂಜಿನ್ ಆಫ್ ಮಾಡಿದಾಗ ಒಂದು ಸಲ ಕತ್ತೆತ್ತಿ ನೋಡಿ ಮತ್ತೆ ಗಲ್ಲ ಊರಿತು. ಅದರಲ್ಲಿ ತಮಾಷೆ ಏನಿದೆ ಅಂತ ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. 1936ರ ಆಗಸ್ಟಿನಲ್ಲಿ 'ದಿ ಸ್ನೋಸ್ ಆಫ್ ಕಿಲಿಮಂಜಾರೋ' ಬಂತು. ಅದರಲ್ಲಿ ಹ್ಯಾರಿ ಅನ್ನುವ ಬರಹಗಾರ ಕಾಲಿಗೆ ಮುಳ್ಳು ಗೀರಿದಾಗ ಅಯೋಡಿನ್ ಹಚ್ಚದೆ ಬಿಟ್ಟು, ಕಾಲು ಕೊಳೆತು ಮಂಚದ ಮೇಲೆ ಸಾಯುತ್ತಿದ್ದಾನೆ. ಬರೆಯಬೇಕು ಅಂತ ಇಟ್ಟುಕೊಂಡು ಬರೆಯದೇ ಬಿಟ್ಟದ್ದೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತೆ. ಹೆಂಡತಿಯ ದುಡ್ಡಿನ ಸುಖ ತನ್ನನ್ನು ಕೆಡಿಸಿತು ಅಂತ ಅವಳನ್ನೇ ಬೈಯುತ್ತಾನೆ. ಸಫಾರಿಯಿಂದ ವಾಪಸಾದ ಮೇಲೆ ನ್ಯೂಯಾರ್ಕಿನಲ್ಲಿ ಒಬ್ಬ ಶ್ರೀಮಂತ ಹೆಂಗಸು ಮುಂದಿನ ಸಫಾರಿಯ ಖರ್ಚು ನನ್ನದು ಅಂದಳಂತೆ. ಒಪ್ಪಿಕೊಂಡಿದ್ದರೆ ನಾನು ಏನಾಗುತ್ತಿದ್ದೆ ಅಂತ ಯೋಚಿಸಿದ್ದೇ ಈ ಕಥೆ ಅಂತ ಹೆಮಿಂಗ್ವೇಯೇ ಆಮೇಲೆ ಬರೆದಿದ್ದಾನೆ. ಆದರೆ ಚಿಕ್ಕಪ್ಪನ ದುಡ್ಡಲ್ಲಿ ಮೊದಲನೆಯದು ಆಗಿಯೇ ಹೋಗಿತ್ತಲ್ವಾ?

ಡೇರೆಯ ಮಂಚ, ಬರಬೇಕಾದ ವಿಮಾನಕ್ಕೆ ಕಾಯುವುದು, ಬಿಸಿಲಲ್ಲಿ ಹೊಳೆಯುವ ಬಿಳಿ ಶಿಖರ, ಎಲ್ಲ ಆ ಕಾಯಿಲೆಯ ದಿನಗಳದ್ದೇ. ಮತ್ತೆ ಅದೇ ಕತ್ತೆಕಿರುಬ. ಈ ಸಲ ಅದು ರಾತ್ರಿ ಡೇರೆಯ ಸುತ್ತ ಸುಳಿದಾಡುವ ಸಾವು. ಬಂದೂಕು ಹಿಡಿದು ನಿಂತಾಗ ನಗು ತರಿಸಿದ್ದ ಪ್ರಾಣಿ ಮಲಗಿದವನ ಕಣ್ಣಿಗೆ ಹೀಗೆ ಕಂಡಿತು. ಸಿಂಹ, ಕುಡು, ಫೋಟೋಗಳಿಂದ ಸಿಕ್ಕಿದ್ದಕ್ಕಿಂತ ಜಾಸ್ತಿ ಅವನಿಗೆ ಆ ಆಮಶಂಕೆಯಿಂದ ಸಿಕ್ಕಿತು ಅನ್ನೋದು ನನ್ನ ವಾದ. ನಿಮ್ಮ ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ ಕೇಳು.

ಮುಂದಿನ ತಿಂಗಳೇ ಬಂದ ಫ್ರಾನ್ಸಿಸ್ ಮೆಕಾಂಬರನ ಕಥೆಯೂ ಹಾಗೇ. ಗಾಯಗೊಂಡ ಸಿಂಹ ಎದುರಿಗೆ ನುಗ್ಗಿದಾಗ ಹೆಂಡತಿ ನೋಡುತ್ತಿದ್ದಂತೆ ಓಡಿಹೋಗುವ ಗಂಡನ ಕಥೆ ಅದು, ಗೆದ್ದವನದ್ದಲ್ಲ.

ಎರಡನೇ ಸಫಾರಿ 1953ರಲ್ಲಿ, ಆಗಿನ ಹೆಂಡತಿ ಮೇರಿಯ ಜೊತೆ. ಪರ್ಸಿವಲ್ ಮತ್ತೆ ಬಂದ. ಮರುವರ್ಷ ಜನವರಿಯಲ್ಲಿ ಉಗಾಂಡಾದ ಮರ್ಚಿಸನ್ ಜಲಪಾತದ ಹತ್ತಿರ ವಿಮಾನ ಹಳೆ ಟೆಲಿಗ್ರಾಫ್ ತಂತಿಗೆ ತಗುಲಿ ಬಿತ್ತು. ದೋಣಿಯಲ್ಲಿ ಬುಟಿಯಾಬಕ್ಕೆ ಬಂದು ಇನ್ನೊಂದು ವಿಮಾನ ಹತ್ತಿದರೆ ಅದು ಏರುವಾಗಲೇ ಹೊತ್ತಿಕೊಂಡಿತು. ಜಾಮ್ ಆದ ಬಾಗಿಲಿಗೆ ತಲೆ ಗುದ್ದಿ ಹೊರಬಂದ. ಸತ್ತೇಹೋದ ಅಂತ ಪೇಪರುಗಳು ಬರೆದಿದ್ದವು, ಅದನ್ನೆಲ್ಲ ಕೂತು ಓದಿದನಂತೆ ಭೂಪ. ಅದೇ ವರ್ಷ ನೊಬೆಲ್ ಬಂತು, ಸ್ಟಾಕ್‌ಹೋಮಿಗೆ ಹೋಗುವಷ್ಟು ಮೈಯಲ್ಲಿ ಶಕ್ತಿ ಇರಲಿಲ್ಲ. ಈ ಸಫಾರಿಯ ಬಗ್ಗೆ ರಾಶಿ ಹಾಳೆ ಬರೆದು ಮುಗಿಸದೆ ಬಿಟ್ಟ. ಮಗ ಪ್ಯಾಟ್ರಿಕ್ ಅದನ್ನು ಕತ್ತರಿಸಿ 1999ರಲ್ಲಿ ಪ್ರಕಟಿಸಿದ. ನಾನು ಅರ್ಧಕ್ಕೇ ಬಿಟ್ಟೆ, ಎಳೆದ ಹಾಗಿದೆ.

ಬೇಟೆಯ ಮೇಲಿನ ನಿನ್ನ ಸಿಟ್ಟನ್ನು ಸಮಾಧಾನ ಮಾಡೋಕೆ ಇದನ್ನೆಲ್ಲ ಬರೆಯಲಿಲ್ಲ, ಆ ಸಿಟ್ಟು ನನಗೂ ಇದೆ. ಕಿಲಿಮಂಜಾರೋ ಕಥೆಯನ್ನು ಮೊದಲು ಓದು, ಸುಮ್ನೆ ಒಂದೇ ಕೂತಿನಲ್ಲಿ ಮುಗಿಯುತ್ತೆ. 'ಗ್ರೀನ್ ಹಿಲ್ಸ್' ಉದ್ದ ಪುಸ್ತಕ, ರಜೆಗೆ ಇಟ್ಟುಕೋ. ನಾಳೆ ಕಿಲಿಮಂಜಾರೋ ಬುಡದ ಮೋಶಿ ಕಡೆ ಹೊರಟಿದ್ದೇವೆ. ಬೆಳಗ್ಗೆ ಬೇಗ ಏಳದಿದ್ದರೆ ಬೆಟ್ಟಕ್ಕೆ ಮೋಡ ಮುಚ್ಚಿಬಿಡುತ್ತೆ ಅಂತ ಇಲ್ಲಿನವರು ಹೇಳ್ತಾರೆ, ನಿಮ್ಮಪ್ಪನನ್ನು ಎಬ್ಬಿಸೋದೇ ದೊಡ್ಡ ಕೆಲಸ.

ಅಮ್ಮ