ಸರ್ಪಸುತ್ತು ಎಂಬ ಅನುಮಾನವಿದ್ದರೆ ಕಾಯಬೇಡ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಬೆನ್ನಿನ ಎಡಗಡೆ ನಾಲ್ಕು ದಿನದಿಂದ ನವೆ, ಅಂಗಿ ತಾಗಿದರೂ ಉರಿ, ನಿನ್ನೆ ಬೆಳಿಗ್ಗೆಯಿಂದ ಕೆಂಪು ಗುಳ್ಳೆ ಎಂದು ಬರೆದಿದ್ದೀಯ. ಅಲರ್ಜಿ ಇರಬಹುದು, ಒಂದು ವಾರ ಮುಲಾಮು ಹಚ್ಚಿ ನೋಡುತ್ತೇನೆ ಎಂದೂ ಬರೆದಿದ್ದೀಯ. ದಯವಿಟ್ಟು ಆ ಒಂದು ವಾರ ಕಾಯಬೇಡ. ನೀನು ಹೇಳುತ್ತಿರುವುದು ಸರ್ಪಸುತ್ತಿಗೆ ಹೊಂದುತ್ತದೆ. ಅದರ ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಹೊಟ್ಟೆಗೆ ಬಿದ್ದರೆ ಹೆಚ್ಚು ಪ್ರಯೋಜನ. ಲೆಕ್ಕ ನವೆ ಶುರುವಾದ ದಿನದಿಂದಲ್ಲ, ಮೊದಲ ಗುಳ್ಳೆ ಕಂಡ ಹೊತ್ತಿನಿಂದ. ನಿನಗಿನ್ನೂ ಸಮಯವಿದೆ.

ಕನ್ನಡಿಗೆ ಬೆನ್ನು ಕೊಟ್ಟು ನಿಂತು, ಮನೆಯವರಿಂದ ಒಂದು ಫೋಟೋ ತೆಗೆಸಿ ನೋಡು. ಗುಳ್ಳೆಗಳು ಬೆನ್ನುಮೂಳೆಯ ಒಂದೇ ಬದಿಗಿವೆಯೇ? ಪಕ್ಕೆಲುಬಿನ ಗುಂಟ ಮುಂದಕ್ಕೆ ಪಟ್ಟಿಯಂತೆ ಬಂದಿವೆಯೇ? ಕೆಂಪು ಚರ್ಮದ ಮೇಲೆ ಐದಾರು ನೀರುಗುಳ್ಳೆ ಒತ್ತೊತ್ತಾಗಿ ಕೂತು, ಪಕ್ಕದಲ್ಲಿ ಸ್ವಲ್ಪ ಬರಿಯ ಚರ್ಮ ಬಿಟ್ಟು ಇನ್ನೊಂದು ಗೊಂಚಲು ಎದ್ದಿದ್ದರೆ ಅದು ಸರ್ಪಸುತ್ತಿನದೇ ಚಹರೆ. ಹೆಸರಿನಲ್ಲಿ ಸುತ್ತು ಇದ್ದರೂ ಅದು ಸಾಮಾನ್ಯವಾಗಿ ಮೈಯನ್ನು ಸುತ್ತುವುದಿಲ್ಲ, ನಡುಗೆರೆಯ ಹತ್ತಿರ ನಿಂತುಬಿಡುತ್ತದೆ. ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸ್‌ನ ವೈರಸ್ಸು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಎಚ್ಚೆತ್ತಾಗ ಆ ಒಂದು ನರದ ಗುಂಟವೇ ಚರ್ಮಕ್ಕೆ ಬರುತ್ತದೆ. ಒಂದೊಂದು ನರ ಮೈಯ ಒಂದೊಂದು ಬದಿಗೆ ಸೇರಿದ್ದು, ಹಾಗಾಗಿ ಗುಳ್ಳೆಯೂ ಒಂದೇ ಬದಿ. ಗುಳ್ಳೆಗಿಂತ ಮೊದಲೇ ನವೆ, ಉರಿ, ಚುಚ್ಚುವ ನೋವು ಬರುವುದೂ ಇದರಿಂದಲೇ.

ಬೇರೆ ಏನಾದರೂ ಆಗಿರಬಹುದೇ? ಪಿತ್ತದ ಗಂಧೆಯಾದರೆ ದದ್ದು ಜಾಗ ಬದಲಿಸುತ್ತದೆ, ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಯ. ಕಜ್ಜಿಯಾದರೆ ಬೆರಳ ಸಂದು, ಮಣಿಕಟ್ಟು, ಸೊಂಟ ಎಂದು ಎರಡೂ ಬದಿ ಹಿಡಿಯುತ್ತದೆ, ರಾತ್ರಿ ನವೆ ಜಾಸ್ತಿ, ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿರುತ್ತಾರೆ. ಹುಳುಕಡ್ಡಿಗೆ ಅಂಚಿನಲ್ಲಿ ಹೊಟ್ಟೆದ್ದ ಉಂಗುರ ಇರುತ್ತದೆ. ಏನೆಂದು ಗೊತ್ತಾಗುವ ಮೊದಲೇ ಸ್ಟಿರಾಯ್ಡ್ ಮುಲಾಮು ಹಚ್ಚುವುದು ನಾನು ಕಂಡಂತೆ ಎಲ್ಲರೂ ಮಾಡುವ ತಪ್ಪು. ಅದು ಹುಳುಕಡ್ಡಿಯನ್ನು ಹರಡಿಸುತ್ತದೆ, ಚಹರೆಯನ್ನೂ ಕೆಡಿಸುತ್ತದೆ. ಆಮೇಲೆ ನೋಡುವ ಡಾಕ್ಟರಿಗೂ ಗುರುತು ಸಿಗುವುದು ಕಷ್ಟ.

ಸರ್ಪಸುತ್ತೇ ಎಂದಾದರೆ ವಯಸ್ಕರಿಗೆ ಸಾಮಾನ್ಯವಾಗಿ ಬರೆಯುವುದು ವ್ಯಾಲಸೈಕ್ಲೊವಿರ್ 1 ಗ್ರಾಂ, ದಿನಕ್ಕೆ 3 ಸಲ, 7 ದಿನ. ಇಲ್ಲವೇ ಅಸೈಕ್ಲೊವಿರ್ 800 ಮಿಲಿಗ್ರಾಂ, ದಿನಕ್ಕೆ 5 ಸಲ, 7ರಿಂದ 10 ದಿನ. ಎರಡನೆಯದರಲ್ಲಿ ಹೊತ್ತು ತಪ್ಪುವುದು ಸುಲಭ, ಮೊಬೈಲಿನಲ್ಲಿ ಅಲಾರಂ ಇಟ್ಟುಕೋ. ಈ ಮದ್ದು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ, ಆದ್ದರಿಂದ ನೀರು ಚೆನ್ನಾಗಿ ಕುಡಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳು, ಡೋಸ್ ಇಳಿಸಬೇಕಾಗುತ್ತದೆ. ಮಾತ್ರೆ ಶುರುವಾದ ಮೇಲೂ ಒಂದೆರಡು ದಿನ ಹೊಸ ಗುಳ್ಳೆ ಏಳಬಹುದು, ಅದನ್ನು ನೋಡಿ ನಿಲ್ಲಿಸಬೇಡ. 72 ಗಂಟೆ ದಾಟಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ ಮಾತ್ರೆ ಕೊಡುವುದುಂಟು.

ಮನೆಯಲ್ಲಿ ಮಾಡುವುದು ಇಷ್ಟು. ಶುದ್ಧ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, 15ರಿಂದ 20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಇಡು. ಐಸನ್ನು ನೇರವಾಗಿ ಇಡಬೇಡ. ಕೆರಳಿದ ನರಕ್ಕೆ ಅದು ಇನ್ನಷ್ಟು ನೋವು. ಗುಳ್ಳೆ ಒಡೆಯಬೇಡ. ತಾನೇ ಒಡೆದರೆ ಬರೀ ಗಾಜ್ ಬಟ್ಟೆ ಹಾಕಬೇಡ, ಒಣಗಿ ಅಂಟಿಕೊಂಡು ತೆಗೆಯುವಾಗ ಚರ್ಮವನ್ನೇ ಕಿತ್ತು ತರುತ್ತದೆ. ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಅಂಟದ ಡ್ರೆಸ್ಸಿಂಗ್ ಕೇಳು. ಈಗಾಗಲೇ ಅಂಟಿದ್ದರೆ ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸು. ಇದು ನರದಿಂದ ಬಂದ ನವೆ, ಅಲರ್ಜಿ ಮಾತ್ರೆಯಿಂದ ನಿದ್ದೆ ಬಂದೀತು, ನವೆ ಅಷ್ಟಾಗಿ ತಗ್ಗದು. ನೋವಿಗೆ ಪ್ಯಾರಸಿಟಮಾಲ್ ಸಾಕಾದರೆ ಒಳ್ಳೆಯದು, ಆದರೆ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆ ಇದ್ದವರಿಗೆ ಅದಕ್ಕಿಂತಲೂ ಕಡಿಮೆ. ನಿದ್ದೆಗೆಡಿಸುವ ನೋವಾದರೆ ಸಹಿಸಿಕೊಂಡು ಕೂರಬೇಡ. ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ನರದ ನೋವಿನ ಮದ್ದುಗಳೇ ಬೇರೆ ಇವೆ. ಅವು ಮಂಪರು ತರಿಸುತ್ತವೆ, ಮೊದಮೊದಲು ಗಾಡಿ ಓಡಿಸಬೇಡ.

ಗುಳ್ಳೆಯ ನೀರಿನಲ್ಲಿ ವೈರಸ್ಸಿರುತ್ತದೆ. ಅದು ತಗುಲಿದವರಿಗೆ ಸರ್ಪಸುತ್ತು ಬರುವುದಿಲ್ಲ, ಆದರೆ ಅವರಿಗೆ ಹಿಂದೆ ಚಿಕನ್‌ಪಾಕ್ಸ್ ಬಂದಿರದಿದ್ದರೆ, ಅದರ ಲಸಿಕೆಯೂ ಆಗಿರದಿದ್ದರೆ ಚಿಕನ್‌ಪಾಕ್ಸ್ ಬರಬಹುದು. ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆಗಟ್ಟುವವರೆಗೆ, ಅಂದರೆ ಸುಮಾರು 7ರಿಂದ 10 ದಿನ, ಜಾಗ ಮುಚ್ಚಿಟ್ಟುಕೋ, ಟವೆಲ್ ಬೇರೆ ಇಡು. ಬಸುರಿಯರು, ಹಸುಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇವರಿಂದ ದೂರವಿರು.

ಇನ್ನು, ನಾಳೆಗೂ ಕಾಯಬಾರದ ಸಂದರ್ಭಗಳಿವೆ. ಹಣೆಯ ಮೇಲೆ, ಕಣ್ಣಿನ ಸುತ್ತ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರ್ ನೋಡಬೇಕು. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿಗೂ ಹೋಗುತ್ತದೆ, ದೃಷ್ಟಿಗೆ ಅಪಾಯ. ಕಿವಿಯೊಳಗೆ ಗುಳ್ಳೆ ಬಂದು ಬಾಯಿ ಒಂದು ಕಡೆ ಸೊಟ್ಟಗಾದರೂ ಅಷ್ಟೇ ತುರ್ತು. ಗುಳ್ಳೆ ಮೈತುಂಬ ಹರಡಿದರೆ, ಜ್ವರದ ಜೊತೆ ಗೊಂದಲ, ಕುತ್ತಿಗೆ ಬಿಗಿತ ಬಂದರೆ ನೇರ ಆಸ್ಪತ್ರೆಗೆ.

ಹಕ್ಕಳೆ ಉದುರಿ ಚರ್ಮ ಮಾಯಲು 2ರಿಂದ 4 ವಾರ ಬೇಕು. ಕೆಲವರಿಗೆ, ಹೆಚ್ಚಾಗಿ 60 ದಾಟಿದವರಿಗೆ, ಚರ್ಮ ಮಾಯ್ದ ಮೇಲೂ ಮೂರು ತಿಂಗಳಿಗಿಂತ ಹೆಚ್ಚು ನೋವು ಉಳಿಯುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ಸರ್ಪಸುತ್ತು ಮತ್ತೊಮ್ಮೆಯೂ ಬರಬಹುದು. ಪೂರ್ತಿ ವಾಸಿಯಾದ ಮೇಲೆ ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆಯ ವಿಚಾರ ಕೇಳು; 50 ದಾಟಿದವರಿಗೆ 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡುತ್ತಾರೆ.

ಮೊದಲ ಗುಳ್ಳೆ ಕಂಡ ದಿನ, ಹೊತ್ತು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ಹಚ್ಚಿದ ಮುಲಾಮಿನ ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಇವತ್ತೇ ಹೊರಡು. ತೋರಿಸಿ ಬಂದ ಮೇಲೆ ಅವರು ಏನೆಂದರು ಎಂದು ಒಂದು ಸಾಲು ಬರೆ.

ನಿನ್ನ ಗೆಳೆಯ