ಆದೇಶ ಬಂತು, ಕಾಗದ ಬರಲಿಲ್ಲ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಹೋದ ಗಣಪತಿ ಹಬ್ಬದಲ್ಲಿ ನಮ್ಮ ಪೆಂಡಾಲಿಗೆ ಬಂದಾಗ ನೀವು ಮೈಕ್ ಹಿಡಿದು ಕನ್ನಡದಲ್ಲೇ 'ಎಲ್ಲರಿಗೂ ನಮಸ್ಕಾರ' ಅಂದಿರಿ. ಆ ಧೈರ್ಯದ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಾಬರಿ ಬೇಡ, ಮರಾಠಿ ಪ್ರತಿ ನಿಮ್ಮ ಆಫೀಸಿನಲ್ಲಿ ಕೊಟ್ಟಿದ್ದೇನೆ. ಇದು ನಮ್ಮ ಜನರೂ ಓದಲಿ ಅಂತ.

ಇಲ್ಲಿ ಮುಂಬೈಯಲ್ಲಿ ನಮ್ಮ ಚಾಳಿನ, ಅಂದರೆ ವಠಾರದ, ಹಿಂದೆ ಒಂದು ನಾಲಾ ಇದೆ, ದೊಡ್ಡ ಚರಂಡಿ. ಮಳೆಗಾಲಕ್ಕೆ ಮೊದಲೇ ಅದರ ಹೂಳು ತೆಗೆದಾಯ್ತು ಅಂದರು. ಜುಲೈಯಲ್ಲಿ ಅಡುಗೆಮನೆಯೊಳಗೆ ಗ್ಯಾಸ್ ಸಿಲಿಂಡರ್ ಅರ್ಧ ಮುಳುಗಿ ನಿಂತಿತ್ತು. ಎಷ್ಟು ಲಾರಿ ಹೂಳು ಹೋಯಿತು, ತೂಕದ ಚೀಟಿಗಳ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿದೆ. ಯಾವ ಕಚೇರಿಯಲ್ಲಿ ಅಂತ ಇಲ್ಲಿ ಹೇಳುವುದಿಲ್ಲ. ಅದೊಂದರ ಮೇಲೆ ನನಗೇನೂ ಹಗೆ ಇಲ್ಲ.

ಅರ್ಜಿ ಬರೆದದ್ದು ಮಗಳು. ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಅಧಿಕೃತ ಭಾಷೆ ಅನ್ನುತ್ತದೆ ಕಾಯ್ದೆ. ನನ್ನ ಕನ್ನಡ ಇಲ್ಲಿ ನಡೆಯುವುದಿಲ್ಲ. ಮಹಾರಾಷ್ಟ್ರದ ನಿಯಮದಲ್ಲಿ 150 ಪದದ ಮಿತಿ ಬೇರೆ. ಹತ್ತು ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕೊಟ್ಟೆವು. 30 ದಿನ ಕಳೆಯಿತು, ಉತ್ತರವಿಲ್ಲ. ಮೊದಲ ಮೇಲ್ಮನವಿ ಅದೇ ಕಚೇರಿಯ ದೊಡ್ಡ ಸಾಹೇಬರ ಮುಂದೆ. ಹೆಚ್ಚೆಂದರೆ 45 ದಿನದಲ್ಲಿ ಅವರು ತೀರ್ಮಾನ ಹೇಳಬೇಕು. ಹೇಳಲಿಲ್ಲ. ಎರಡನೇ ಮೇಲ್ಮನವಿಗೆ ನಾವು 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬೇಕು. ಆಯೋಗ ಯಾವಾಗ ತೀರ್ಮಾನ ಕೊಡಬೇಕು? ಅದಕ್ಕೆ ಕಾಯ್ದೆಯಲ್ಲಿ ಗಡುವೇ ಇಲ್ಲ. ಎರಡು ಮಳೆಗಾಲ ಕಾದೆವು.

ಕೊನೆಗೆ ಆದೇಶ ಬಂತು. ಎರಡು ಹಾಳೆ, ಕೆಳಗೆ ನೀಲಿ ಮೊಹರು. 15 ದಿನದೊಳಗೆ ಮಾಹಿತಿ ಪುಕ್ಕಟೆ ಕೊಡಬೇಕು ಅಂತ. ಮಗಳು ಓದಿ ಹೇಳಿದ ಸಂಜೆ ಮನೆಯಲ್ಲಿ ಶಿರಾ ಮಾಡಿದರು. ಸ್ವಲ್ಪ ಅವಸರವೇ ಆಯಿತು.

ಹದಿನಾರನೇ ದಿನ ಕಚೇರಿಗೆ ಹೋದೆ. ಕ್ಲಾರ್ಕ್ ಹಾಳೆ ತಿರುಗಿಸಿ ಹಿಂದೆ ಏನಾದರೂ ಬರೆದಿದೆಯಾ ಅಂತ ನೋಡಿದರು. ಆಮೇಲೆ 'ಉದ್ಯಾ ಯಾ' ಅಂದರು, ನಾಳೆ ಬನ್ನಿ. ನಮ್ಮೂರ ಕಡೆ ಹಿಂದೆ ದೆವ್ವ ಒಳಗೆ ಬಾರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ಇಲ್ಲಿ ದೆವ್ವ ನಾನೇ. ಏಳು ಸಲ ಹೋಗಿ ಬಂದೆ.

ಆಯೋಗದ ತೀರ್ಮಾನಕ್ಕೆ ಎಲ್ಲರೂ ಬದ್ಧ ಅಂತ 19ನೇ ಕಲಮಿನಲ್ಲೇ ಇದೆ. 20ನೇ ಕಲಮಿನಲ್ಲಿ ದಂಡವೂ ಇದೆ. ತಡ ಮಾಡಿದ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಜಾಸ್ತಿ ಅಂದರೆ 25,000. ನೀವೇ ಲೆಕ್ಕ ಹಾಕಿ, ನೂರನೇ ದಿನಕ್ಕೆ ಮೀಟರ್ ನಿಂತುಬಿಡುತ್ತದೆ. ಆಮೇಲೆ ಸಾವಿರ ದಿನ ಕೂತರೂ ಅಷ್ಟೇ. ಮೊದಲ ಮೇಲ್ಮನವಿಯ ಸಾಹೇಬರಿಗೆ ಆ ಕಲಮಿನಲ್ಲಿ ದಂಡವೇ ಇಲ್ಲ. ಕೋರ್ಟಿನ ಹಾಗೆ ನಿಂದನೆ ಕೇಸು ನಡೆಸುವ ಅಧಿಕಾರವನ್ನೂ ಕಾಯ್ದೆ ಆಯೋಗಕ್ಕೆ ಕೊಟ್ಟಿಲ್ಲ. ಆದೇಶ ಪಾಲಿಸಿಲ್ಲ ಅಂತ ನಾನು ದೂರು ಕೊಡಬೇಕೆಂದರೆ ಅದೇ ಆಯೋಗಕ್ಕೆ, ಅದೇ ಸಾಲಿನ ಕೊನೆಗೆ.

ನಿಮಗೆ ಬರೆದ ಕಾರಣ ಈಗ ಹೇಳುತ್ತೇನೆ. 25ನೇ ಕಲಮಿನ ಪ್ರಕಾರ ಆಯೋಗದ ವಾರ್ಷಿಕ ವರದಿ ನಿಮ್ಮ ಸದನದ ಮುಂದೆ ಬರಬೇಕು. ಎಷ್ಟು ಅರ್ಜಿ, ಎಷ್ಟು ನಿರಾಕರಣೆ, ಎಷ್ಟು ಮೇಲ್ಮನವಿ, ಎಷ್ಟು ಶುಲ್ಕ, ಎಲ್ಲ ಅದರಲ್ಲಿರಬೇಕು. ಆದರೆ ಕೊಟ್ಟ ಆದೇಶ ಜಾರಿಯಾಯಿತೇ ಅನ್ನುವುದು ಕಾಯ್ದೆಯ ಆ ಪಟ್ಟಿಯಲ್ಲಿಲ್ಲ. ಹತ್ತು ರೂಪಾಯಿ ಸ್ಟಾಂಪಿಗೆ ಲೆಕ್ಕ ಉಂಟು, ಆದೇಶದ ಗತಿಗೆ ಇಲ್ಲ, ವಿಚಿತ್ರ ಅಲ್ವಾ?

ನಾಗಪುರದ ಚಳಿಗಾಲದ ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಿ. ಆಯೋಗ 'ಮಾಹಿತಿ ಕೊಡಿ' ಅಂದ ಆದೇಶಗಳಲ್ಲಿ ಹೇಳಿದ ದಿನದೊಳಗೆ ಪಾಲನೆಯಾದದ್ದೆಷ್ಟು? ಪಾಲನೆಯ ವರದಿ ಬರುವ ತನಕ ಫೈಲು ಮುಚ್ಚಬಾರದು ಅಂತಲೂ ಒತ್ತಾಯಿಸಿ. ಕಾಯ್ದೆ ತಿದ್ದಲು ದಿಲ್ಲಿಗೆ ಹೋಗಬೇಕು, ನನಗೂ ಗೊತ್ತು. ಇದಕ್ಕೆ ಅಷ್ಟು ದೂರ ಬೇಡ, ಒಂದು ರಿಜಿಸ್ಟರ್ ಸಾಕು.

ಶನಿವಾರ ನಿಮ್ಮ ಆಫೀಸಿಗೆ ಆದೇಶದ ಝೆರಾಕ್ಸ್ ತಗೊಂಡು ಬರುತ್ತೇನೆ. ಮಗಳಿಗೂ ಅವತ್ತು ರಜೆ.

ಇಂತಿ,
ನಾಲಾ ಪಕ್ಕದ ಚಾಳಿನ ಒಬ್ಬ ಮತದಾರ, ಮುಂಬೈ