ಎಣ್ಣಿ ಊರೂರಿಗೆ ಸಿಗತೈತಿ, ಅಟ್ರೋಪಿನ್ ಎಲ್ಲಿ ಸಿಗತೈತಿ ಸಾಹೇಬ್ರ?

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ, ಹಾವೇರಿ ಜಿಲ್ಲೆಯ ಒಬ್ಬ ಹತ್ತಿ ಬೆಳೆಗಾರನ ನಮಸ್ಕಾರಗಳು.

ಇದು ನನ್ನ ನಾಲ್ಕನೆಯ ಪತ್ರ. ಮೊದಲ ಮೂರು ಯಾವುದೋ ಫೈಲಿನಲ್ಲಿ ಆರಾಮಾಗಿ ಮಲಗಿವೆ. ಜನಸ್ಪಂದನದಲ್ಲಿ ಕೊಟ್ಟ ಅರ್ಜಿಗೆ ಮಾತ್ರ "ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ" ಎಂಬ ಉತ್ತರ ಬಂತು. ಈ ಸಂಬಂಧಪಟ್ಟವರು ಯಾವ ಊರವರು? ತೋರಿಸಿದರೆ ನಾನೇ ಹೋಗಿ ಕಾಲು ಹಿಡಿಯುತ್ತೇನೆ. ಎರಡು ವರ್ಷದಿಂದ ಕೇಳುತ್ತಿರುವುದು ಇಷ್ಟೇ: ಎಣ್ಣಿ, ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ, ಮೈಗೇರಿದಾಗ ಕೊಡುವ ಪ್ರತಿವಿಷ ಅಟ್ರೋಪಿನ್ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸಾಕಷ್ಟು ಇರಲಿ, ಸಿಲಿಂಡರಿನಲ್ಲಿ ಆಕ್ಸಿಜನ್ ಇರಲಿ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ನನ್ನ ತಮ್ಮ ಹತ್ತಿಗೆ ಎಣ್ಣಿ ಹೊಡೆಯಲು ಹೋಗಿದ್ದ. ಪಂಪು ಸೋರಿ ಅಂಗಿ ಬೆನ್ನಿಗೆ ಅಂಟಿದ್ದರೂ "ಇನ್ನೆರಡು ಸಾಲು" ಎಂದ. (ಕೈಗವಸು, ಮಾಸ್ಕ್ ಹಾಕಬೇಕಿತ್ತು ಎನ್ನುವ ಅಧಿಕಾರಿಗಳು ಆ ಧಗೆಯಲ್ಲಿ ಒಂದು ತಾಸು ಹಾಕಿಕೊಂಡು ತೋರಿಸಲಿ.) ಬದುವಿಗೆ ಬಂದು ಕುಂತಾಗ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ತೊಡೆಯ ಮಾಂಸ ತಾನಾಗಿ ಪಟಪಟ ಹಾರುತ್ತಿತ್ತು.

ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿದ ಯಂತ್ರ ಆಕ್ಸಿಜನ್ 74, ನಾಡಿ 42 ತೋರಿಸಿತು. ಉಸಿರು ಕಟ್ಟಿದವನ ಎದೆ ಡವಡವ ಹೊಡೆದುಕೊಳ್ಳಬೇಕಲ್ಲ, ಇದೇನು ಹೀಗೆ ಎಂದು ಕೇಳಿದೆ. ಡಾಕ್ಟರು ಸಣ್ಣ ವಯಸ್ಸಿನವರು, ಅಷ್ಟು ಗಡಿಬಿಡಿಯಲ್ಲೂ ತಿಳಿಸಿ ಹೇಳಿದರು. ಆಕ್ಸಿಜನ್ ಇಳಿದರೆ ಸಾಮಾನ್ಯವಾಗಿ ಹೃದಯ ಮೊದಲು ಓಡುತ್ತದೆ, ಇದ್ದಷ್ಟನ್ನೇ ಬೇಗ ಬೇಗ ಮಿದುಳಿಗೆ ಮುಟ್ಟಿಸಲು. ಈ ಎಣ್ಣಿಯಾದರೋ ನರದ ಸಂದೇಶ ಮುಟ್ಟಿಸುವ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕವನ್ನು ನರದ ತುದಿಯಲ್ಲಿ ಒಡೆದುಹೋಗಲು ಬಿಡುವುದಿಲ್ಲ, ಅದು ಅಲ್ಲೇ ತುಂಬಿಕೊಳ್ಳುತ್ತದೆ. ಹೃದಯವನ್ನು ನಿಧಾನಿಸುವ ವೇಗಸ್ ನರ ಎತ್ತಿನ ಮೂಗುದಾರ ಜಗ್ಗಿದಂತೆ ಜಗ್ಗಿಯೇ ಹಿಡಿಯುತ್ತದೆ. ಅತ್ತ ಶ್ವಾಸಕೋಶದಲ್ಲಿ ನೀರು ತುಂಬಿ ಆಕ್ಸಿಜನ್ ಒಳಗೆ ಹೋಗದು, ಇತ್ತ ಹೃದಯ ಓಡದು, ಬಿಪಿ ಕುಸಿಯುತ್ತದೆ.

ಆ ಹಗ್ಗ ಸಡಿಲಿಸುವುದು ಅಟ್ರೋಪಿನ್. ಒಂದು ಆಂಪೂಲಿನಲ್ಲಿ, ಅಂದರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೆಯಲ್ಲಿ, 0.6 ಮಿಲಿಗ್ರಾಂ. ಮೊದಲ ಸಲಕ್ಕೇ ಮೂರರಿಂದ ಐದು ಬೇಕು. ಎದೆಯ ಗೊರಗೊರ ನಿಂತು ನಾಡಿ 80 ದಾಟುವವರೆಗೆ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತ ಹೋಗಬೇಕಂತೆ. ಅಲ್ಲಿದ್ದದ್ದು ನಾಲ್ಕು. ನಾಲ್ಕೂ ಹಾಕಿದರು. ನಾಡಿ 58ಕ್ಕೆ ಬಂದು ಮತ್ತೆ ಇಳಿಯಿತು. ಸಿಲಿಂಡರ್ ಇತ್ತು, ಅದಕ್ಕೆ ಗಾಲಿಯೂ ಇದ್ದವು. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಸಿಸ್ಟರ್ ಪಾನಾ ಹಿಡಿದು ತಿರುಗಿಸಿಯೇ ತಿರುಗಿಸಿದರು. ಆಮೇಲೆ "ಹುಬ್ಬಳ್ಳಿಗೆ ಒಯ್ಯಿರಿ" ಎಂದರು.

ಹುಬ್ಬಳ್ಳಿ ಮುಟ್ಟುವವರೆಗೆ ತಮ್ಮನ ಬಾಯಿಗೆ ಉಸಿರು ತುಂಬುವ ರಬ್ಬರ್ ಚೀಲ ಹಿಡಿದು ಒತ್ತಿದವನು ನಾನು, ಎಸ್ಸೆಸ್ಸೆಲ್ಸಿ ಫೇಲ್. ಹನ್ನೊಂದು ದಿನ ವೆಂಟಿಲೇಟರ್. ಎರಡೆಕರೆ ಒತ್ತೆ ಬಿತ್ತು. ತಮ್ಮ ಉಳಿದ. ಆದರೆ ಎತ್ತಿಗೆ ನೀರು ಕುಡಿಸಿದ್ದು ಮರೆತು ಮತ್ತೆ ಬಕೆಟ್ ಹಿಡಿದು ಹೋಗುತ್ತಾನೆ. ಆಕ್ಸಿಜನ್ ಇಲ್ಲದೆ ಕಳೆದ ಹೊತ್ತಿನ ಲೆಕ್ಕ ಅದು ಎಂದರು ಹುಬ್ಬಳ್ಳಿಯ ಡಾಕ್ಟರು.

2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ಸುದ್ದಿ ಬಂದಾಗ ಇಡೀ ರಾಜ್ಯ ಆಕ್ಸಿಜನ್ ಆಕ್ಸಿಜನ್ ಎಂದಿತ್ತು. ಕೊರೊನಾ ಹೋಯಿತು, ಆಕ್ಸಿಜನ್ ಮಾತೂ ಹೋಯಿತು. ಅಟ್ರೋಪಿನ್, ಆಕ್ಸಿಜನ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ನಿಯಮ ನಿಮಗೆ ನಾನು ಹೇಳಬೇಕೆ? ಆ ಎಣ್ಣಿ ಡಬ್ಬಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಚೀಟಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಪ್ರತಿವಿಷ ಅಟ್ರೋಪಿನ್ ಎಂದಿದೆ. ವಿಷ ಮಾರುವವರಿಗೇ ಗೊತ್ತಿದೆಯಲ್ಲ ಸಾಹೇಬರೇ!

ಅಟ್ರೋಪಿನ್ ಇಡಿಸಿರಿ, ಸಿಲಿಂಡರ್ ತುಂಬಿಸಿರಿ. ಮಳೆ ಹಿಡಿದರೆ ಪಂಪುಗಳು ಮತ್ತೆ ಬೆನ್ನಿಗೇರುತ್ತವೆ. ಈ ಪತ್ರವನ್ನು ದಯವಿಟ್ಟು ಸಂಬಂಧಪಟ್ಟವರಿಗೆ ಕಳುಹಿಸಬೇಡಿರಿ. ನೀವೇ ಒಮ್ಮೆ ಬಂದು ಆ ಮೀಟರ್ ನೋಡಿರಿ.

ಇಂತಿ,
ನಿಮ್ಮ ಮತದಾರ